ಕಾರ್ಟೂನ್ ಮಾತು – 7: ‘ಸೀಸನ್ 3 ಯಾವಾಗ?’ ಅಂತ ಕೇಳೋದು ಬಿಡೋಣ್ವಾ?

‘ಗ್ರಾವಿಟಿ ಫಾಲ್ಸ್’ ನೋಡಿ ಮುಗಿಸಿದ ರಾತ್ರಿ ನಾನೂ ಎಲ್ಲರ ಹಾಗೆ ಅಲೆಕ್ಸ್ ಹಿರ್ಷ್ ಪೋಸ್ಟ್ ಕೆಳಗೆ "ಸೀಸನ್ 3 ಯಾವಾಗ?" ಅಂತ ಬರೆದಿದ್ದೆ. ಈಗ ನಾಚಿಕೆ ಆಗುತ್ತೆ. ಯಾಕೆ ಅಂತ ಹೇಳ್ತೀನಿ, ಕೇಳಿ.

ಈ ಶೋನ ಡಿಸ್ನಿಯವರು ನಿಲ್ಲಿಸಿದ್ದಲ್ಲ. 2012ರಲ್ಲಿ ಶುರುವಾಗಿದ್ದನ್ನ 2016ರ ಫೆಬ್ರವರಿಯಲ್ಲಿ, 40 ಎಪಿಸೋಡ್‌ಗೆ ಸಾಕು ಅಂತ ಮುಗಿಸಿದ್ದು ಹಿರ್ಷ್ ಅವರೇ. ಡಿಪ್ಪರ್ ಅಂದ್ರೆ ಚಿಕ್ಕಂದಿನ ಅವರು, ಮೇಬಲ್ ಅಂದ್ರೆ ಅವರ ಅವಳಿ ಸಹೋದರಿ. ಬರೆಯೋದು ಸಾಲದು ಅಂತ ಸ್ಟ್ಯಾನ್, ಸೂಸ್, ಬಿಲ್ ಸೈಫರ್ ಮೂವರಿಗೂ ದನಿ ಅವರದೇ. ವರ್ಷಗಟ್ಟಲೆ ದಿನ ಹೀಗೇ ಕಳೆದ್ರೆ ಮನುಷ್ಯನ ಸ್ವಂತ ಬದುಕಿಗೆ ಏನು ಉಳಿಯುತ್ತೆ ಹೇಳಿ?

ಡಿಮ್ಯಾಂಡ್ ಇದ್ದಲ್ಲಿ ಸಪ್ಲೈ ಬರುತ್ತೆ ಅನ್ನೋದು ನಮ್ಮ ಬಿಕಾಂ ಪಾಠ. ಆದ್ರೆ ಇದು ಒಂದು ಬೇಸಿಗೆ ರಜೆಯ ಕಥೆ. ಕೊನೆಗೆ ಆ ಮಕ್ಕಳಿಗೆ 13 ತುಂಬುತ್ತೆ, ಬಸ್ ಹತ್ತಿ ಊರಿಗೆ ಹೋಗ್ತಾರೆ. ಮುಗಿಯೋದೇ ಇಲ್ಲ ಅಂದ್ರೆ ಅದನ್ನ ರಜೆ ಅಂತ ಯಾರು ಕರೀತಾರೆ?

ಹಾಗಂತ ಅವರು ಅಭಿಮಾನಿಗಳ ಕೈ ಬಿಡಲಿಲ್ಲ. ಅದೇ 2016ರಲ್ಲಿ ರಷ್ಯಾ, ಜಪಾನ್, ಅಮೆರಿಕದಲ್ಲಿ ನಿಜವಾದ ಸುಳಿವುಗಳನ್ನ ಬಚ್ಚಿಟ್ರು. ಪರಿಚಯವೇ ಇಲ್ಲದ ಜನ ಸೇರಿ ಒಂದೊಂದೇ ಬಿಡಿಸಿ, ಆರೆಗಾನ್‌ನ ರೀಡ್ಸ್‌ಪೋರ್ಟ್ ಹತ್ತಿರ ಮರಗಳ ಮಧ್ಯೆ ಬಿಲ್‌ನ ಪ್ರತಿಮೆ ಹುಡುಕಿದ್ರು.

ಕೊಟ್ಟಿದ್ದನ್ನ ಸೇರಿ ಖುಷಿಪಡೋದು ಅಭಿಮಾನ. "ಇನ್ನೂ ಕೊಡಿ" ಅಂತ ದಿನಾ ಬಾಗಿಲು ಬಡಿಯೋದು ಸಾಲ ವಸೂಲಿ.

ನನ್ನ ಕಮೆಂಟ್ ನಾನು ಡಿಲೀಟ್ ಮಾಡಿದೆ. ನೀವು ಯಾರ ಬಾಗಿಲು ಬಡೀತಾ ಇದ್ದೀರಾ? ಕೆಳಗೆ ಹೇಳಿ.