ರದ್ದಿಗೆ ಸೇರುವ ಮುನ್ನ

ಹೊರನಾಡಿನಲ್ಲಿ ನೆಲಸಿದ ನಾವು ಕನ್ನಡವನ್ನು ಉಳಿಸಿಕೊಳ್ಳುವ ಮಾತನ್ನು ಪ್ರತಿ ರಾಜ್ಯೋತ್ಸವದಲ್ಲಿಯೂ ಆಡುತ್ತೇವೆ. ಆದರೆ ನಮ್ಮ ಮನೆಗಳಲ್ಲಿಯೇ ಇರುವ ಕನ್ನಡದ ಭಂಡಾರವೊಂದು ಸದ್ದಿಲ್ಲದೆ ಕರಗುತ್ತಿರುವುದನ್ನು ಗಮನಿಸಿದವರು ವಿರಳ. ತಾಯಂದಿರು, ಅಜ್ಜಿಯಂದಿರು ಬರೆದಿಟ್ಟ ಹಾಡಿನ ವಹಿಗಳು, ತವರಿಗೆ ಬರೆದ ಪತ್ರಗಳು, ದಿನಚರಿಗಳೇ ಆ ಭಂಡಾರ.

ಅಚ್ಚಾದ ಪುಸ್ತಕಕ್ಕೂ ಮರೆವು ತಪ್ಪಿದ್ದಲ್ಲ ಎಂಬುದಕ್ಕೆ ಪುಣೆಯೇ ಸಾಕ್ಷಿ. ತಾರಾಬಾಯಿ ಶಿಂದೆಯವರ 'ಸ್ತ್ರೀ ಪುರುಷ ತುಲನಾ' 1882ರಲ್ಲಿ ಈ ನಗರದಲ್ಲಿಯೇ ಮುದ್ರಣಗೊಂಡಿತು. ಜ್ಯೋತಿಬಾ ಫುಲೆಯವರು ಸಮರ್ಥಿಸಿದರೂ ಅದು ಬಹುಕಾಲ ಕಣ್ಮರೆಯಾಯಿತು. 1975ರಲ್ಲಿ ಸ. ಗಂ. ಮಾಲಶೆಯವರು ಅದನ್ನು ಮರುಮುದ್ರಿಸಲು ಸಾಧ್ಯವಾದದ್ದು ಪ್ರತಿಯೊಂದು ಎಲ್ಲಿಯೋ ಉಳಿದಿದ್ದುದರಿಂದ.

ಕನ್ನಡದ ಕಥೆಯೂ ಬೇರೆಯಲ್ಲ. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ (1887–1982) 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ಆರಂಭಿಸಿದರು. ಕಾದಂಬರಿಗಳನ್ನು ಬರೆದು ತಾವೇ ಪ್ರಕಟಿಸಿದರು. 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಬಳಿಕ ನಮ್ಮಂತೆಯೇ ಹೊರನಾಡಿಗರಾಗಿ ಮದರಾಸಿನಲ್ಲಿ ಬದುಕಿದ ಅವರನ್ನು ಕನ್ನಡ ನಾಡು ಮರೆತೇಬಿಟ್ಟಿತ್ತು. ಚಿ. ನ. ಮಂಗಳಾ ಅವರಂಥ ವಿದುಷಿಯರು ಆ ಮರೆವಿನ ಪರದೆಯನ್ನು ಸರಿಸಬೇಕಾಯಿತು. 1939ರಲ್ಲಿ, ಮೂವತ್ತು ತುಂಬುವ ಮೊದಲೇ ಅಗಲಿದ ಕೊಡಗಿನ ಗೌರಮ್ಮನವರ ಕಥೆಗಳು ಸಂಕಲನಗಳಾಗಿ ಉಳಿದುದರಿಂದಲೇ 2023ರಲ್ಲಿ ದೀಪಾ ಭಾಸ್ತಿಯವರ ಮೂಲಕ ಇಂಗ್ಲಿಷ್ ಓದುಗರನ್ನು ತಲುಪಿದವು. ಅದೇ ಅನುವಾದಕಿಯ ಮೂಲಕ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹಿಗ್ಗಿದೆವು. ಹಿಗ್ಗುವುದು ಸುಲಭ, ಕಾಪಾಡುವುದು ಕಷ್ಟ.

ನಮ್ಮ ಕಷ್ಟ ಇನ್ನೂ ಒಂದು ಪಟ್ಟು ಹೆಚ್ಚಿನದು. ದೇವನಾಗರಿ ಬಲ್ಲ ಮೊಮ್ಮಕ್ಕಳಿಗೆ ಅಜ್ಜಿಯ ಕನ್ನಡ ಅಕ್ಷರ ಬರಿಯ ಗೆರೆ. ಶಿವಾಜಿನಗರದ ಹಳೆಯ ಕಟ್ಟಡ ಬಿಟ್ಟು ಹೊಸ ಫ್ಲ್ಯಾಟಿಗೆ ಹೋಗುವ ದಿನ ಆ ವಹಿ ರದ್ದಿಯವನ ತಕ್ಕಡಿ ಸೇರುತ್ತದೆ. ಇದೆಲ್ಲ ಸಾಹಿತ್ಯವೇ ಎಂದು ಕೇಳುವವರುಂಟು. ಭಾಷೆ ತಿಳಿಯದ ಊರಿಗೆ ಬಂದು ಸಂಸಾರ ಹೂಡಿದ ಹೆಣ್ಣುಮಗಳ ಅನುಭವ ಸರಕಾರಿ ಕಡತಗಳಲ್ಲಿ ಸಿಗುವುದಿಲ್ಲ. ಸಂಘಗಳ ವಾರ್ಷಿಕ ವರದಿಗಳಲ್ಲಿಯೂ ಇಲ್ಲ. ಅದು ಇರುವುದು ಆ ಪತ್ರಗಳಲ್ಲಿ ಮಾತ್ರ.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮನೆಯ ಹಿರಿಯರ ಬರಹಗಳನ್ನು ಹುಡುಕಿರಿ. ಬರೆದವರ ಹೆಸರು, ಊರು, ಇಸವಿಗಳನ್ನು ಬದುಕಿರುವವರಿಂದಲೇ ಕೇಳಿ ಗುರುತು ಹಾಕಿರಿ. ಪುಟಗಳ ಛಾಯಾಪ್ರತಿ ತೆಗೆದಿಡಿರಿ. ಬರೆದವರು ಇದ್ದರೆ ಅವರ ಒಪ್ಪಿಗೆಯಿಲ್ಲದೆ ಏನನ್ನೂ ಹೊರಗಿಡಬೇಡಿರಿ. ಮನೆಯ ಗುಟ್ಟು ಮನೆಯಲ್ಲಿಯೇ ಇರಲಿ, ಆದರೆ ಸುಟ್ಟುಹೋಗದಿರಲಿ. ಸಂಘದ ಗ್ರಂಥಾಲಯದಲ್ಲಿ ಇವಕ್ಕೊಂದು ಕಪಾಟು ಮೀಸಲಾಗಲಿ. ಲಿಪಿ ಬಲ್ಲವರು ಬಾರದವರಿಗೆ ಓದಿ ಹೇಳಲಿ. ಓದಬಲ್ಲ ಕಣ್ಣುಗಳು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.