ಮನೆಗೊಂದು ಜನರೇಟರ್: ಕೈಕೊಡುವ ಕರೆಂಟಿಗೆ ತೆರುವ ಬೆಲೆ ಎಷ್ಟು?

ಗೋಕಾಕ ಜಲಪಾತದ ನೀರಿನ ಬಲದಿಂದ ಹತ್ತಿ ಗಿರಣಿಯ ಯಂತ್ರಗಳು ತಿರುಗಲಾರಂಭಿಸಿದ್ದು 1887ರಲ್ಲಿ. ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ್ದು 1902ರಲ್ಲಿ. ಅಂದರೆ ಅದಕ್ಕೂ ಹದಿನೈದು ವರ್ಷ ಮೊದಲೇ ಘಟಪ್ರಭೆಯ ಜಲಶಕ್ತಿ ಉದ್ಯಮದ ಸೇವೆಗೆ ನಿಂತಿತ್ತು. ಇದೇ ನದಿಗೆ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಕಟ್ಟಿದ ಜಲಾಶಯದಲ್ಲಿಯೂ ವಿದ್ಯುತ್ ಉತ್ಪಾದನೆಯಾಗುತ್ತದೆ. ಬೆಳಗಾವಿ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನು ಉರಿಸಿ ವಿದ್ಯುತ್ ತಯಾರಿಸಿ ಜಾಲಕ್ಕೆ ಮಾರುತ್ತವೆ. ಇಂಥ ಸೀಮೆಯಲ್ಲಿ, ಗೋಕಾಕ ತಾಲೂಕಿನ ಮೇಲವಂಕಿಯಂಥ ಊರಿನಲ್ಲಿ ಅನುಕೂಲಸ್ಥ ಕುಟುಂಬವೊಂದು ಹೊಸ ಮನೆ ಕಟ್ಟುವಾಗ ಜನರೇಟರಿಗೂ ಜಾಗ ಬಿಡಬೇಕೇ ಎಂದು ಯೋಚಿಸುವಂತಾದರೆ ಅದು ವಿಪರ್ಯಾಸವೇ ಸರಿ.

ಈ ಯೋಚನೆ ಕೇವಲ ಒಂದು ಊರಿನದಲ್ಲ. ಬೆಂಗಳೂರಿನ ಬಹುಮಹಡಿ ವಸತಿ ಸಮುಚ್ಚಯಗಳಲ್ಲಿ ಜನರೇಟರ್ ಇರುವುದನ್ನು ಯಾರೂ ವಿಶೇಷವೆಂದು ಭಾವಿಸುವುದಿಲ್ಲ. ಅಲ್ಲಿ ಅದರ ವೆಚ್ಚ ನಿರ್ವಹಣಾ ಶುಲ್ಕದಲ್ಲಿ ಹಂಚಿಹೋಗುತ್ತದೆ. ಒಂಟಿ ಮನೆಯ ಯಜಮಾನ ಮಾತ್ರ ಪೂರ್ತಿ ಹೊರೆಯನ್ನು ತಾನೇ ಹೊರಬೇಕು. ಹಾಗಾದರೆ ಇಡೀ ಮನೆಗೆ ಸಾಲುವಷ್ಟು ಶಕ್ತಿಯ ಜನರೇಟರಿನಿಂದ ಬರುವ ಬೆಳಕಿನ ನಿಜವಾದ ಬೆಲೆ ಎಷ್ಟು? ಅದು ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹ?

ಯೂನಿಟ್ ಲೆಕ್ಕ

2025-26ನೇ ಸಾಲಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಗೃಹಬಳಕೆಗೆ ಗೊತ್ತುಪಡಿಸಿದ ಇಂಧನ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ನಿಗದಿತ ಶುಲ್ಕ, ತೆರಿಗೆ ಇತ್ಯಾದಿ ಇದಕ್ಕೆ ಹೊರತು. ಇನ್ನೊಂದೆಡೆ, 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದ ಬಳಿಕ ಬೆಂಗಳೂರಿನಲ್ಲಿ ಡೀಸೆಲ್ ಬೆಲೆ ಲೀಟರಿಗೆ 91 ರೂಪಾಯಿಗೆ ತಲುಪಿತು. ಸುಸ್ಥಿತಿಯಲ್ಲಿರುವ ಜನರೇಟರ್ ತನ್ನ ಸಾಮರ್ಥ್ಯಕ್ಕೆ ತಕ್ಕ ಹೊರೆ ಹೊತ್ತಾಗ ಒಂದು ಲೀಟರ್ ಡೀಸೆಲ್‌ನಿಂದ ಮೂರು ಯೂನಿಟ್‌ನಷ್ಟು ವಿದ್ಯುತ್ ಕೊಡುತ್ತದೆ. ಆಗ ಇಂಧನದ ವೆಚ್ಚವೊಂದೇ ಯೂನಿಟ್‌ಗೆ 30 ರೂಪಾಯಿ.

ಆದರೆ ಮನೆಗಳಲ್ಲಿ ಯಂತ್ರ ತಕ್ಕ ಹೊರೆಯಲ್ಲಿ ಓಡುವುದು ಅಪರೂಪ. ಪಂಪು, ಗೀಸರ್, ಹವಾನಿಯಂತ್ರಕಗಳನ್ನು ಲೆಕ್ಕ ಹಿಡಿದು 5 ಕೆವಿಎ ಯಂತ್ರ ತರಲಾಗುತ್ತದೆ. ರಾತ್ರಿ ಕರೆಂಟ್ ಹೋದಾಗ ಓಡುವುದು ನಾಲ್ಕು ಫ್ಯಾನು, ಏಳೆಂಟು ದೀಪ, ಒಂದು ಫ್ರಿಜ್ಜು, ಒಂದು ಟಿ.ವಿ. ಮಾತ್ರ. ಹೊರೆ ಕಡಿಮೆಯಾದರೂ ಎಂಜಿನ್ ತಿರುಗುವುದಕ್ಕೆ ಬೇಕಾದ ಇಂಧನ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಆಗ ಲೀಟರಿಗೆ ಎರಡು ಯೂನಿಟ್ ಸಿಕ್ಕರೆ ಅದೇ ಹೆಚ್ಚು. ಇಂಧನದ ವೆಚ್ಚ ಯೂನಿಟ್‌ಗೆ 45 ರೂಪಾಯಿ ಮೀರುತ್ತದೆ.

ಉದಾಹರಣೆಗೆ, ದಿನಕ್ಕೆ ಎರಡು ಗಂಟೆ ಕರೆಂಟ್ ಇರದ ಮನೆಯೊಂದನ್ನು ಊಹಿಸಿಕೊಳ್ಳಬಹುದು. ಗಂಟೆಗೆ ಒಂದು ಯೂನಿಟ್‌ನಂತೆ ತಿಂಗಳಿಗೆ 60 ಯೂನಿಟ್ ಬೇಕು. ಡೀಸೆಲ್‌ಗೆ ಸುಮಾರು 2,700 ರೂಪಾಯಿ ತಗಲುತ್ತದೆ. ಯಂತ್ರ, ಅದರ ಕಟ್ಟೆ, ಕೇಬಲ್, ಚೇಂಜ್‌ಓವರ್ ಸ್ವಿಚ್, ಅರ್ಥಿಂಗ್ ಎಲ್ಲ ಸೇರಿ ಎರಡು ಲಕ್ಷ ರೂಪಾಯಿ ಆಯಿತೆಂದು ಇಟ್ಟುಕೊಂಡು, ಅದನ್ನು ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ 1,667 ರೂಪಾಯಿ. ಬಡ್ಡಿ ಹಾಗೂ ರಿಪೇರಿಯನ್ನು ಬದಿಗಿಟ್ಟರೂ ಯೂನಿಟ್‌ಗೆ 73 ರೂಪಾಯಿ ಬಿದ್ದಂತಾಯಿತು. ಇಂಧನ ದರವನ್ನಷ್ಟೇ ಹೋಲಿಸಿದರೆ ಇದು ಜಾಲದ ವಿದ್ಯುತ್ತಿನ ಹನ್ನೆರಡು ಪಟ್ಟಿಗಿಂತ ಹೆಚ್ಚು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ವಿದ್ಯುತ್ ಪೂರೈಕೆ ಸುಧಾರಿಸಿ ಕಡಿತವು ದಿನಕ್ಕೆ ಒಂದು ಗಂಟೆಗೆ ಇಳಿದರೆ ಅದೇ ಯಂತ್ರದ ವಿದ್ಯುತ್ ಯೂನಿಟ್‌ಗೆ ನೂರು ರೂಪಾಯಿ ದಾಟುತ್ತದೆ. ಏಕೆಂದರೆ ಹೂಡಿದ ಬಂಡವಾಳ ಕಡಿಮೆ ಯೂನಿಟ್‌ಗಳ ಮೇಲೆ ಹಂಚಿಕೆಯಾಗುತ್ತದೆ. ಆದ್ದರಿಂದ ಜನರೇಟರ್ ಎಂಬುದು ವಿದ್ಯುತ್ ಖರೀದಿಯಲ್ಲ, ವಿಮೆಯ ಕಂತು.

ನಂಬಿಕೆಯ ಪ್ರಶ್ನೆ

ಕಂತು ದುಬಾರಿಯಾದರೂ ಆಪತ್ತಿನಲ್ಲಿ ಕೈಹಿಡಿಯುವುದಾದರೆ ತೊಂದರೆಯಿಲ್ಲ. ಆದರೆ ನಿತ್ಯ ಓಡದ ಯಂತ್ರ ಬೇಕಾದಾಗಲೇ ಮುಷ್ಕರ ಹೂಡುವುದು ಸಾಮಾನ್ಯ ಅನುಭವ. ತಿಂಗಳುಗಟ್ಟಲೆ ಸುಮ್ಮನಿದ್ದರೆ ಸ್ಟಾರ್ಟ್ ಮಾಡುವ ಬ್ಯಾಟರಿ ಸತ್ತುಹೋಗುತ್ತದೆ. ಟ್ಯಾಂಕಿನ ಡೀಸೆಲ್‌ಗೆ ನೀರಿನಂಶ ಸೇರಿ ಫಿಲ್ಟರ್ ಕಟ್ಟುತ್ತದೆ. ಸದಾ ಕಡಿಮೆ ಹೊರೆಯಲ್ಲಿ ಓಡಿದರೆ ಪೂರ್ತಿ ಉರಿಯದ ಇಂಧನ ಮಸಿಯಾಗಿ ಹೊಗೆ ಕೊಳವೆಯಲ್ಲಿ ಕೂರುತ್ತದೆ. ವಾರಕ್ಕೊಮ್ಮೆಯಾದರೂ ಹೊರೆ ಕೊಟ್ಟು ಓಡಿಸುವುದು, ಎಣ್ಣೆ ಬದಲಿಸುವುದು, ನೀರು ನೋಡುವುದು ತಪ್ಪದ ಕೆಲಸಗಳು.

ಸುರಕ್ಷತೆಯ ಪ್ರಶ್ನೆ ಇನ್ನೂ ಗಂಭೀರ. ಚೇಂಜ್‌ಓವರ್ ಸ್ವಿಚ್ ಹಾಕದೆ ಜನರೇಟರಿನ ತಂತಿಯನ್ನು ನೇರವಾಗಿ ಮನೆಯ ವೈರಿಂಗಿಗೆ ಜೋಡಿಸಿದರೆ ಆ ವಿದ್ಯುತ್ ಮೀಟರಿನ ಮೂಲಕ ಹಿಂದಕ್ಕೆ ಹರಿದು, ಪರಿವರ್ತಕದಲ್ಲಿ ಹೆಚ್ಚಿನ ವೋಲ್ಟೇಜ್ ಪಡೆದು, ಲೈನ್ ಬಂದ್ ಆಗಿದೆಯೆಂದು ಕಂಬ ಹತ್ತಿದ ಲೈನ್‌ಮನ್‌ನ ಜೀವ ತೆಗೆಯಬಲ್ಲದು. ಮುಚ್ಚಿದ ಕೋಣೆಯಲ್ಲಿ ಯಂತ್ರ ಓಡಿಸಿದರೆ ಬಣ್ಣ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಮಲಗಿದ್ದವರನ್ನು ಮಲಗಿದಲ್ಲಿಯೇ ಕೊಲ್ಲುತ್ತದೆ. ಸಾವಿರಾರು ರೂಪಾಯಿ ಉಳಿಸಲು ಹೋಗಿ ಈ ಎರಡರಲ್ಲಿ ಯಾವುದಕ್ಕೆ ಎಡೆಕೊಟ್ಟರೂ ಅದು ಅಕ್ಷಮ್ಯ.

ಇನ್ನು ಪ್ರವಾಹದ ದಿನಗಳು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ನಗರಕ್ಕೇ ನೀರು ನುಗ್ಗಿತ್ತು. 2024ರ ಜುಲೈನಲ್ಲಿ ಲೋಳಸೂರ ಸೇತುವೆ ಮತ್ತೆ ಮುಳುಗಿತ್ತು. ನೀರು ಏರಿದಾಗ ಅಪಘಾತ ತಪ್ಪಿಸಲು ವಿದ್ಯುತ್ ಕಡಿತಗೊಳಿಸುವುದು ಅನಿವಾರ್ಯ. ಜನರೇಟರ್ ಅತ್ಯಂತ ಅಗತ್ಯವೆನಿಸುವ ಹೊತ್ತು ಅದೇ. ಆದರೆ ನೆಲಮಟ್ಟದ ಕಟ್ಟೆಯ ಮೇಲಿರುವ ಯಂತ್ರವೂ ಆಗಲೇ ಮುಳುಗುತ್ತದೆ, ಪೆಟ್ರೋಲ್ ಬಂಕಿನ ದಾರಿಯೂ ಆಗಲೇ ಮುಚ್ಚುತ್ತದೆ.

ತೋಟದ ಮನೆಗಳ ಕತ್ತಲೆ

ಇಷ್ಟಾದರೂ ಜನ ಜನರೇಟರಿನತ್ತ ನೋಡುವುದೇಕೆ ಎಂಬುದಕ್ಕೆ ಉತ್ತರ ಪೂರೈಕೆಯ ಸ್ವರೂಪದಲ್ಲಿದೆ. ಗೃಹಬಳಕೆ ಮತ್ತು ಪಂಪ್‌ಸೆಟ್‌ಗಳ ಫೀಡರ್ ಬೇರ್ಪಡಿಸುವ ನಿರಂತರ ಜ್ಯೋತಿ ಯೋಜನೆಯಿಂದ ಊರೊಳಗಿನ ಮನೆಗಳಿಗೆ ಬಹುಪಾಲು ಅನುಕೂಲವಾಯಿತು. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಅನೇಕ ರೈತ ಕುಟುಂಬಗಳು ಊರಿನಲ್ಲಿಲ್ಲ, ಹೊಲದ ನಡುವಿನ ತೋಟದ ಮನೆಗಳಲ್ಲಿವೆ. ಅಲ್ಲಿಗೆ ಬರುವುದು ಪಂಪ್‌ಸೆಟ್‌ಗಳ ಲೈನ್. ಅದಕ್ಕೆ ತ್ರಿಫೇಸ್ ವಿದ್ಯುತ್ ದಿನಕ್ಕೆ ಏಳು ಗಂಟೆ. ಬರಗಾಲದ 2023ರ ಅಕ್ಟೋಬರ್‌ನಲ್ಲಿ ಅದೂ ಐದು ಗಂಟೆಗೆ ಇಳಿದು ರೈತರು ಬೀದಿಗಿಳಿದಿದ್ದರು. ಉಳಿದ ಹೊತ್ತಿನ ಸಿಂಗಲ್ ಫೇಸ್ ವಿದ್ಯುತ್ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ತೋಟದ ಮನೆಗಳಿಗೆ ನಿರಂತರ ವಿದ್ಯುತ್ ಕೊಡಬೇಕೆಂಬ ಬೇಡಿಕೆ ಉತ್ತರ ಕರ್ನಾಟಕದಲ್ಲಿ ಹಳೆಯದು.

ಪರಿವರ್ತಕ, ಅಂದರೆ ರೈತರ ಮಾತಿನ 'ಟಿ.ಸಿ.' ಸುಟ್ಟರಂತೂ ಕಾಯುವಿಕೆ ಇನ್ನೂ ದೀರ್ಘ. ಆಯೋಗ 2004ರಲ್ಲಿ ರೂಪಿಸಿದ ಸೇವಾ ಮಾನದಂಡದಲ್ಲಿ ಕೆಟ್ಟ ಪರಿವರ್ತಕ ಬದಲಿಸಲು ನಗರ, ಪಟ್ಟಣಗಳಿಗೆ 24 ಗಂಟೆ, ಗ್ರಾಮೀಣ ಪ್ರದೇಶಕ್ಕೆ 72 ಗಂಟೆಗಳ ಅವಧಿ ಇತ್ತು. ನಗರದ ಮನೆಗೂ ಹಳ್ಳಿಯ ಮನೆಗೂ ನಡುವಿನ ಆ ಎರಡು ದಿನಗಳ ಅಂತರವನ್ನು ನಿಯಮವೇ ಒಪ್ಪಿಕೊಂಡಿತ್ತು. ಡೀಸೆಲ್ ಸುಟ್ಟು ತುಂಬಿಕೊಳ್ಳಲಾಗುತ್ತಿರುವುದು ಈ ಅಂತರವನ್ನೇ.

2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದ ತಿಂಗಳಿಗೆ 200 ಯೂನಿಟ್‌ವರೆಗೆ ಬಳಸುವ ಮನೆಗಳ ಬಿಲ್ಲಿನ ಭಾರ ಇಳಿದದ್ದು ನಿಜ. ಆದರೆ ಅದು ದರದ ಪರಿಹಾರವೇ ಹೊರತು ಪೂರೈಕೆಯ ಪರಿಹಾರವಲ್ಲ. ಬಾರದ ಕರೆಂಟು ಉಚಿತವಾದರೂ ಪ್ರಯೋಜನವಿಲ್ಲ. ಶೂನ್ಯ ಬಿಲ್ ಪಡೆಯುವ ಕುಟುಂಬವೇ ಇನ್ವರ್ಟರ್, ಬ್ಯಾಟರಿ, ಡೀಸೆಲ್‌ಗಾಗಿ ವರ್ಷಕ್ಕೆ ಸಾವಿರಾರು ರೂಪಾಯಿ ತೆರುತ್ತಿದ್ದರೆ ಆ ಹಣ ಯಾವ ಬಜೆಟ್ಟಿನಲ್ಲಿಯೂ ಕಾಣಿಸುವುದಿಲ್ಲ.

ಸಹಕಾರದ ಹಾದಿ

ಈ ಸೀಮೆಯಲ್ಲಿ ಇನ್ನೊಂದು ದಾರಿಯ ನಿದರ್ಶನವೂ ಇದೆ. ದೇಶದಲ್ಲಿ ಪ್ರಾಯೋಗಿಕವಾಗಿ ಸ್ಥಾಪನೆಯಾದ ಮೊದಲ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೂ ಒಂದು. ಅರ್ಧ ಶತಮಾನ ದಾಟಿದ ಮೇಲೂ ಉಳಿದಿರುವ ಈ ಸಂಘ ಸಗಟು ವಿದ್ಯುತ್ ಖರೀದಿಸಿ ತಾಲೂಕಿನಲ್ಲಿ ವಿತರಿಸುತ್ತದೆ. ಪಕ್ಕದ ಗೋಕಾಕ, ಮೂಡಲಗಿಗಳಲ್ಲಿ ಅದೇ ಕೆಲಸ ಹೆಸ್ಕಾಂನದು. ಮಹಾರಾಷ್ಟ್ರದಲ್ಲಿ ಇದರ ಸಮಕಾಲೀನವಾಗಿದ್ದ ಮುಳಾ-ಪ್ರವರಾ ಸಂಘದ ವಿತರಣಾ ಕಾರ್ಯ 2011ರಲ್ಲಿ ಸರ್ಕಾರಿ ಕಂಪನಿಯ ಪಾಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಹುಕ್ಕೇರಿ ಸಂಘದ ಆಡಳಿತ ಮಂಡಳಿಗೆ ನಡೆದ ಚುನಾವಣೆ ಜಿಲ್ಲೆಯ ಪ್ರಬಲ ರಾಜಕೀಯ ಬಣಗಳ ಅಖಾಡವಾಗಿತ್ತು. ಬಳಕೆದಾರನೇ ಸದಸ್ಯನಾಗಿರುವ ಸಂಸ್ಥೆಯಲ್ಲಿ ಯಾವ ಫೀಡರ್ ಎಷ್ಟು ಗಂಟೆ ನಿಂತಿತು ಎಂಬ ಪ್ರಶ್ನೆ ಚುನಾವಣೆಯ ವಿಷಯವಾಗಬೇಕು. ಯಾವ ಬಣ ಗೆದ್ದಿತು ಎಂಬುದಕ್ಕಿಂತ ಬಳಕೆದಾರನಿಗೆ ಮುಖ್ಯವಾದುದು ಅದು.

ಸಮಸ್ಯೆಯನ್ನು ಮನೆಮನೆಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹೊರದೇಶಗಳ ಉದಾಹರಣೆಗಳಿವೆ. ನೈಜೀರಿಯಾದಲ್ಲಿ ಸಣ್ಣ ಜನರೇಟರ್‌ಗಳೇ ಜಾಲಕ್ಕೆ ಪರ್ಯಾಯವಾಗಿಬಿಟ್ಟವು. ದಕ್ಷಿಣ ಆಫ್ರಿಕಾದಲ್ಲಿ 2022, 2023ರ ತೀವ್ರ ವಿದ್ಯುತ್ ಕಡಿತದ ವೇಳೆ ಉಳ್ಳವರು ಸೌರಫಲಕ, ಬ್ಯಾಟರಿಗಳತ್ತ ಧಾವಿಸಿದರು. ಚೆನ್ನಾಗಿ ಹಣ ಕಟ್ಟುವ ಗ್ರಾಹಕರು ಕೈಬಿಟ್ಟಂತೆಲ್ಲ ಜಾಲದ ಆದಾಯ ಕುಗ್ಗುತ್ತದೆ. ದೂರು ಕೊಡುವ ಗಟ್ಟಿದನಿಯೂ ಕುಗ್ಗುತ್ತದೆ. ಉಳಿಯುವವರು ದನಿಯಿಲ್ಲದವರು ಮಾತ್ರ.

ಪರ್ಯಾಯಗಳು

ಇಡೀ ಮನೆಗೆ ಜನರೇಟರ್ ಬೇಕೆಂಬ ಮಾತನ್ನೇ ಮೊದಲು ಪರಿಶೀಲಿಸಬೇಕು. ದೀಪ, ಫ್ಯಾನು, ಮೊಬೈಲ್, ಇಂಟರ್‌ನೆಟ್ ಇವಿಷ್ಟೇ ಅಗತ್ಯವಾದರೆ ಮುನ್ನೂರು ವ್ಯಾಟ್ ಸಾಕು. 150 ಆಂಪಿಯರ್-ಅವರ್‌ನ ಒಂದು ಬ್ಯಾಟರಿ, ಒಂದು ಇನ್ವರ್ಟರ್ ಮೂರ್ನಾಲ್ಕು ಗಂಟೆ ಇದನ್ನು ನಿಭಾಯಿಸುತ್ತವೆ. ವೆಚ್ಚ ಜನರೇಟರಿನ ಒಂದು ಸಣ್ಣ ಪಾಲು. ಆಮ್ಲಜನಕ ಯಂತ್ರದ ಮೇಲೆ ಅವಲಂಬಿತರಾದ ರೋಗಿಗಳು, ಶೈತ್ಯ ಸಂಗ್ರಹ, ಹೈನುಗಾರಿಕೆ ಇರುವಲ್ಲಿ ಜನರೇಟರ್ ಸಮರ್ಥನೀಯವೇ.

ಸೌರಶಕ್ತಿಯ ಬಗ್ಗೆಯೂ ಒಂದು ಎಚ್ಚರ ಅಗತ್ಯ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ 2 ಕಿಲೋವ್ಯಾಟ್‌ಗೆ 60 ಸಾವಿರ, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟು 78 ಸಾವಿರ ರೂಪಾಯಿ ಸಹಾಯಧನವಿದೆ. ಆದರೆ ಜಾಲಕ್ಕೆ ಜೋಡಿಸಿದ ಸಾಮಾನ್ಯ ಸೌರ ಘಟಕ, ಲೈನ್‌ಮನ್‌ನ ಸುರಕ್ಷತೆಗಾಗಿಯೇ, ಕರೆಂಟ್ ಹೋದೊಡನೆ ತಾನೂ ನಿಂತುಬಿಡುತ್ತದೆ. ಸುಡುವ ಬಿಸಿಲಿನಲ್ಲೂ ಮನೆ ಕತ್ತಲಾಗಬಹುದು. ಕಡಿತದ ಹೊತ್ತಿಗೂ ವಿದ್ಯುತ್ ಬೇಕಿದ್ದರೆ ಬ್ಯಾಟರಿ ಸಹಿತವಾದ ಹೈಬ್ರಿಡ್ ಇನ್ವರ್ಟರ್ ಹಾಕಿಸಬೇಕು. ಖರೀದಿಗೆ ಮುನ್ನ ಈ ಒಂದು ಪ್ರಶ್ನೆ ಕೇಳದೆ ಹೋದವರಿಗೆ ನಿರಾಸೆ ಖಚಿತ.

ಡೀಸೆಲ್ ಯಂತ್ರಗಳ ಹಾದಿಯಂತೂ ಕಿರಿದಾಗುತ್ತಿದೆ. 2023ರ ಜುಲೈ 1ರಿಂದ ಹೊಸ ಜನರೇಟರ್‌ಗಳಿಗೆ ಬಿಗಿಯಾದ ಹೊಗೆ ನಿಯಮಗಳು ಅನ್ವಯವಾಗಿ ಬೆಲೆಯೂ ಏರಿದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2022ರಲ್ಲಿ ತಂದ ತಿದ್ದುಪಡಿಯು ಡೀಸೆಲ್ ಜನರೇಟರ್ ಬಳಸುವವರು ಐದು ವರ್ಷಗಳಲ್ಲಿ ಶುದ್ಧ ತಂತ್ರಜ್ಞಾನಕ್ಕೆ ಬದಲಾಗಲು ಯತ್ನಿಸಬೇಕೆನ್ನುತ್ತದೆ. ಅದೇ ನಿಯಮಗಳ 2020ರ ಮೂಲ ಪಾಠ ಕೃಷಿಯಂಥ ಕೆಲವು ವರ್ಗಗಳನ್ನು ಹೊರತುಪಡಿಸಿ ಎಲ್ಲ ಗ್ರಾಹಕರಿಗೆ ದಿನದ 24 ಗಂಟೆ ವಿದ್ಯುತ್ ಪೂರೈಕೆಯನ್ನು ವಿತರಣಾ ಸಂಸ್ಥೆಯ ಹೊಣೆಯಾಗಿಸಿದೆ. ತೋಟದ ಮನೆಯಲ್ಲಿ ವಾಸಿಸುವ ಕುಟುಂಬ ಕೃಷಿ ಗ್ರಾಹಕನೋ ಗೃಹ ಗ್ರಾಹಕನೋ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗಬೇಕಾದದ್ದು ಇಲ್ಲಿ.

ಬಳಕೆದಾರನಿಗೆ ಜನರೇಟರ್ ಮಾರುವವರು ಬಹಳ ಜನರಿದ್ದಾರೆ. ಅವನ ಫೀಡರ್ ಕಳೆದ ತಿಂಗಳು ಎಷ್ಟು ಬಾರಿ, ಎಷ್ಟು ಹೊತ್ತು ನಿಂತಿತ್ತು, ಯಾಕೆ ನಿಂತಿತ್ತು ಎಂಬುದನ್ನು ಬಿಲ್ಲಿನ ಹಿಂಬದಿಯಲ್ಲಿ ಮುದ್ರಿಸಿ ಕೊಡುವವರು ಬೇಕಾಗಿದ್ದಾರೆ. ಹೆಸ್ಕಾಂ ಆಗಲಿ, ಹುಕ್ಕೇರಿಯ ಸಂಘವಾಗಲಿ ಅಷ್ಟು ಮಾಡಿದರೆ ಎರಡು ಲಕ್ಷ ರೂಪಾಯಿಯನ್ನು ಅಂಗಳದ ಕಟ್ಟೆಯ ಮೇಲೆ ಹೂಡಬೇಕೇ, ಇಲ್ಲವೇ ಆ ಫೀಡರಿನ ದುರಸ್ತಿಗಾಗಿ ನೆರೆಹೊರೆಯವರೊಂದಿಗೆ ಸೇರಿ ಕಚೇರಿಯ ಮೆಟ್ಟಿಲು ಹತ್ತಬೇಕೇ ಎಂಬುದನ್ನು ಮೇಲವಂಕಿಯ ಗೃಹಸ್ಥ ತಾನೇ ನಿರ್ಧರಿಸಬಲ್ಲ.