ಬಿಳಲಿನ ಗುಟ್ಟು

ಅಡಯಾರಿನ ಥಿಯಸಾಫಿಕಲ್ ಸೊಸೈಟಿಯ ತೋಟದ ಆಲವನ್ನು ನೋಡದವರು ನಮ್ಮ ವಾಚಕರಲ್ಲಿ ವಿರಳ. ಸುಮಾರು 450 ವರ್ಷದ ಆ ಮರದ ನಡುಬೊಡ್ಡೆ 1989ರ ಬಿರುಗಾಳಿಗೆ ಉರುಳಿತು. ಮರ ಮಾತ್ರ ಉಳಿಯಿತು. ಉಳಿಸಿದವು ಬಿಳಲುಗಳು. ಬೆಂಗಳೂರಿನ ಕೇತೋಹಳ್ಳಿಯ ದೊಡ್ಡಾಲದ ಮರವೂ ನಡುಬೊಡ್ಡೆಯನ್ನು ರೋಗಕ್ಕೆ ಕೊಟ್ಟು ಹೀಗೆಯೇ ನಿಂತಿದೆ.

ಬೇರೆಂದರೆ ಮಣ್ಣಿನೊಳಗಿರಬೇಕಾದ್ದು. ಅಷ್ಟೆತ್ತರದ ಕೊಂಬೆಯಿಂದ, ಬರಿಯ ಗಾಳಿಯಲ್ಲಿ, ಅದು ಹೊರಡುವುದಾದರೂ ಹೇಗೆ? ಬಿಳಲು ಬಿಡುವ ಒಂದು ಜಾತಿಯ ಆಲವನ್ನೂ, ಅದರ ಬಂಧುವಾದರೂ ಬಿಳಲಿಲ್ಲದ ಕಾಡತ್ತಿಯನ್ನೂ ಹೋಲಿಸಿ ವಿಜ್ಞಾನಿಗಳು 2020ರಲ್ಲಿ ಉತ್ತರ ಹುಡುಕಿದರು. ಗಿಡವನ್ನು ಬೆಳೆಸುವ ಆಕ್ಸಿನ್ ಎಂಬ ರಸವೊಂದುಂಟು. ಅದಕ್ಕೆ ಸಂಬಂಧಿಸಿದ ವಂಶವಾಹಿಗಳ ನಕಲುಗಳು ಆಲದಲ್ಲಿ ಹೆಚ್ಚಿದ್ದವು. ಆಕ್ಸಿನ್ನಿನ ಉತ್ಪತ್ತಿಯೂ ಹೆಚ್ಚು. ನಮ್ಮ ಕಚೇರಿಯಲ್ಲಿ ನಕಲು ಹೆಚ್ಚಿದಷ್ಟೂ ಕೆಲಸ ನಿಲ್ಲುತ್ತದೆ. ಆಲದಲ್ಲಿ ಅದರಿಂದಲೇ ಸಾಗುತ್ತದೆ!

2022ರಲ್ಲಿ ಭೋಪಾಲದ ಐಸರ್ ಸಂಸ್ಥೆಯವರು ನಮ್ಮ ಆಲ, ಅರಳಿ ಎರಡರ ವಂಶಲಿಪಿಯನ್ನೂ ಓದಿದರು. ಬೇರಿನ ಬೆಳವಣಿಗೆ, ದೀರ್ಘಾಯುಸ್ಸು ಇವುಗಳ ಸುಳಿವು ಅದರಲ್ಲಿ ಸಿಕ್ಕಿದೆ.

ಅಂದಹಾಗೆ, ಮಕ್ಕಳು ಎಳೆಯ ಬಿಳಲಿಗೆ ಜೋತುಬೀಳಹೊರಟರೆ ತಡೆಯಿರಿ. ನೆಲ ಮುಟ್ಟುವವರೆಗೆ ಅದು ದಾರ. ಮುಟ್ಟಿದ ಮೇಲೆಯೇ ದಪ್ಪವಾಗಿ ಕಂಬವಾಗುವುದು.